ಕೋಟೆಯೊಳಗೆ ಸಿಕ್ಕ ಹುಸೇನಬಿ

ಕಲಬುರಗಿಯ ಕೋಟೆಯನ್ನು ಬೆಳಗಿನ ತಂಪಿನಲ್ಲೇ ನೋಡಬೇಕು. ಬಿಸಿಲೇರಿದರೆ ಕಲ್ಲು ಕಾಲು ಸುಡುತ್ತದೆ. ಅದಕ್ಕೇ ಕಮಲಾಪುರದಿಂದ ಮೊದಲ ಮೋಟಾರಿಗೆ ದೊಡ್ಡವ್ವನನ್ನು ಕರೆದುಕೊಂಡು ಬಂದೆ. ಹುಟ್ಟಿದಾಗಿನಿಂದ ಇಷ್ಟು ಹತ್ತಿರ ಇದ್ದರೂ ಆಕೆ ಕೋಟೆ ನೋಡಿರಲಿಲ್ಲ.

ಒಳಗೆ ಹಾಳು ಗೋಡೆಗಳ ನಡುವೆ ಜನ ಸಂಸಾರ ಹೂಡಿರುವುದು ನನಗೆ ಗೊತ್ತಿರಲಿಲ್ಲ. ಕೋಟೆಯ ದೊಡ್ಡ ಮಸೀದಿಯ ದಾರಿ ಕೇಳಲು ಒಂದು ಮನೆಯ ಮುಂದೆ ನಿಂತೆವು. ಜೋಳ ಹಸನು ಮಾಡುತ್ತಿದ್ದ ಮುದುಕಿ ನನ್ನನ್ನು ಬಿಟ್ಟು ದೊಡ್ಡವ್ವನನ್ನೇ ದಿಟ್ಟಿಸಿದಳು.

“ನೀ ಕಮಲಾಪುರದ ಗೌರವ್ವ ಹೌದಲ್ಲ?”

“ಹುಸೇನಬಿ! ಪ್ಲೇಗಿನಾಗ ಸತ್ತಿ ಅಂದಿದ್ರಲ್ಲ!”

“ನೀನೂ ಸತ್ತಿ ಅಂತ ಹೇಳಿದ್ರು. ಎರಡು ದಿನ ಉಂಡಿಲ್ಲ ನಾ.”

“ನಾ ನಾಲ್ಕು ದಿನ ಉಂಡಿಲ್ಲ,” ಎಂದು ದೊಡ್ಡವ್ವ ಜಗಳಕ್ಕೆ ನಿಂತವಳಂತೆ ಹೇಳಿ, ಅಲ್ಲೇ ಕುಸಿದು ಕುಳಿತು ಅತ್ತಳು.

ಚಿಕ್ಕಂದಿನಲ್ಲಿ ಅವರು ಅಕ್ಕಪಕ್ಕದ ಮನೆಯವರಂತೆ. ಹುಸೇನಬಿ ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಭೇಟಿಯೇ ಆಗಿಲ್ಲ.

ನಾನೊಬ್ಬನೇ ಹೋಗಿ, ಅಂಗಳವೇ ಇಲ್ಲದೆ ಪೂರ್ತಿ ಗುಮ್ಮಟಗಳಿಂದ ಮುಚ್ಚಿದ ಆ ಮಸೀದಿಯನ್ನು ನೋಡಿ ಬೆರಗಾಗಿ ಮರಳಿದೆ.

“ದೊಡ್ಡವ್ವಾ, ಭಾಳ ಚೆಂದ ಅದ. ಒಂದೀಟು ನೋಡಿ ಬಾ.”

“ಅದೇನು ಎಲ್ಲಿಗಿ ಹೋಗ್ತದೋ? ನೀ ಸುಮ್ಮ ಕೂಡು.”

ಸಂಜೆಯ ಮೋಟಾರಿನ ತನಕ ಆಕೆ ಅಲ್ಲಿಂದ ಏಳಲಿಲ್ಲ. ಊರು ದಾಟಿದ ಮೇಲೆ, “ಏನೂ ನೋಡಲೇ ಇಲ್ಲಲ್ಲ ನೀನು,” ಎಂದೆ. ಆಕೆಗೆ ಕೇಳಿಸಿತೋ ಇಲ್ಲವೋ, ತನ್ನಷ್ಟಕ್ಕೆ ಹೇಳಿಕೊಂಡಳು:

“ಹಲ್ಲೆಲ್ಲಾ ಹೋಗ್ಯಾವ ಆಕಿವು. ನಗೂದು ಮಾತ್ರ ಹಂಗೇ ಅದ.”