ಹಾಡಿನಲ್ಲಿ ಬಿಟ್ಟ ಹೆಸರು

ರಾತ್ರಿ ಖಜಾನೆಯ ಪಹರೆಯವನು ಹತ್ತು ಗಂಟೆ ಹೊಡೆಯುತ್ತಿದ್ದ. ಮಧುಗಿರಿಯ ತಾಲ್ಲೂಕು ಕಚೇರಿಯ ಹಿಂದಿನ ಬೀದಿಯಲ್ಲಿ ಆ ಹೊತ್ತಿಗೆ ದೀಪಗಳೆಲ್ಲ ಆರಿರುತ್ತಿದ್ದವು. ಕದರಮ್ಮ ಮಾತ್ರ ಗುಡಿಸಲಿನ ತಡಿಕೆ ಸರಿಸಿ, ಎದುರಿನ ನಂದೀಶ್ವರಯ್ಯನವರ ಹಿತ್ತಿಲ ಬಾಗಿಲಲ್ಲಿ ಬಂದು ಕೂರುತ್ತಿದ್ದಳು. ಅವರು ಓವರ್ಸೀಯರ್ ಕೆಲಸದಿಂದ ನಿವೃತ್ತರಾದವರು. ಬೀದಿಗೆಲ್ಲ ಅವರದೊಂದೇ ರೇಡಿಯೋ. ಕದರಮ್ಮ ಅವರ ಮನೆಗೆ ರಾಗಿ ಬೀಸುವವಳು.

ಅವಳ ಗಂಡ ಬೊಮ್ಮಪ್ಪ ಮೈಸೂರು ಪಡೆಯ ಜೊತೆ ಸಿಂಗಪುರಕ್ಕೆ ಹೋಗಿದ್ದ. ಆ ಊರು ಜಪಾನಿನವರ ಕೈಸೇರಿದ ಮೇಲೆ ಒಂದು ಕಾರ್ಡೂ ಬಂದಿರಲಿಲ್ಲ. ಕೆಲವು ರಾತ್ರಿ ಜಪಾನಿನವರ ಯಾವುದೋ ದೂರದ ಸ್ಟೇಷನ್ನು ಸೆರೆಯಲ್ಲಿದ್ದವರ ಹೆಸರು ಓದುತ್ತಿತ್ತು. ಅದನ್ನು ಕೇಳುವುದು ಸರ್ಕಾರಕ್ಕೆ ಆಗದ ಮಾತು. ಅಯ್ಯನವರು ಕಿಟಕಿಗೆ ಕಂಬಳಿ ಕಟ್ಟಿ, ಪೆಟ್ಟಿಗೆಗೆ ಕಿವಿಯಿಟ್ಟು ಕೇಳಿ, ಕೊನೆಗೆ ಬಾಗಿಲಿಗೆ ಬಂದು, "ಇವತ್ತೂ ಇಲ್ಲಮ್ಮ" ಎನ್ನುತ್ತಿದ್ದರು.

ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಅವಳು ಕಟ್ಟಿದ ಹಾಡು ಇದು:

ಊರೆಲ್ಲ ಮಲಗೈತೆ, ನೀನೊಬ್ಬ ಎದ್ದಿದ್ದಿ
ದೂರದ ಮಾತಿನ ಪೆಟ್ಟಿಗೆ, ಹೇಳಯ್ಯ
ಯಾರ್ಯಾರು ಅಲ್ಲಿ ಉಳಿದಾರು

ಇದಾದ ಮೇಲೆ ಒಂದು ಹೆಸರು ಬರಬೇಕು. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಆಡಬಾರದಲ್ಲ, ಕದರಮ್ಮ ಅಲ್ಲಿ ಬರೀ ರಾಗ ಎಳೆದು ಬಿಟ್ಟಳು. ಸಂತೆಗೆ ಬಂದ ಹೆಂಗಸರು ಹಾಡು ಕಲಿತು ಒಯ್ದರು. ಕೊರಟಗೆರೆಯ ತಾಯಂದಿರು ಆ ಜಾಗದಲ್ಲಿ ಮಗನ ಹೆಸರು ಸೇರಿಸಿದರು, ಶಿರಾದ ಅಕ್ಕತಂಗಿಯರು ಅಣ್ಣತಮ್ಮಂದಿರ ಹೆಸರು. ಪಾವಗಡದಲ್ಲಿ ಅರ್ಧ ತೆಲುಗಾಯಿತು. ಎರಡು ವರ್ಷದಲ್ಲಿ ಅದು ಮದುವೆ ಮನೆಗಳ ಹಾಡೂ ಆಯಿತು. ಅದರಲ್ಲಿ ಇಲ್ಲದ ಹೆಸರು ಬೊಮ್ಮಪ್ಪನದೊಂದೇ.

ಸಾವಿರದ ಒಂಬೈನೂರ ನಲವತ್ತನಾಲ್ಕರ ಮಾಗಿಯಲ್ಲಿ ಪಡೆಯ ಅಧಿಕಾರಿಯೊಬ್ಬರು ಟ್ರಾವೆಲರ್ಸ್ ಬಂಗಲೆಗೆ ಬಂದು ಇಳಿದರು. ಸೆರೆಯಲ್ಲಿದ್ದವರ ಮನೆಯವರ ಮಾತನ್ನು ಗ್ರಾಮಫೋನ್ ಪ್ಲೇಟಿನಲ್ಲಿ ಹಿಡಿದು, ಸೆರೆಯವರಿಗೆ ಕೇಳಲೆಂದು ರೇಡಿಯೋದಲ್ಲಿ ಬಿಡುತ್ತಾರಂತೆ. ಎಲ್ಲರೂ ಹಾಡುವ ಹಾಡನ್ನು ಕಟ್ಟಿದವಳು ಇಲ್ಲೇ ಇದ್ದಾಳೆಂದು ಕೇಳಿ ಅವರು ಕದರಮ್ಮನಿಗೆ ಹೇಳಿಕಳಿಸಿದರು.

ಬಂದವಳಿಗೆ ಅಧಿಕಾರಿ ಹೇಳಿದರು: "ಹಾಡು, ಆಮೇಲೆ ಗಂಡನ ಹೆಸರು ಹೇಳು. ಇರೋದು ಒಂದೇ ಪ್ಲೇಟು."

"ಹೆಸರು ಅಯ್ನೋರು ಹೇಳ್ತಾರೆ, ಸ್ವಾಮಿ."

"ರೇಡಿಯೋದ ಗೊರಗೊರ ಸದ್ದಿನಲ್ಲಿ ದನಿ ಗುರುತು ಸಿಗೋಲ್ಲಮ್ಮ. ನಿನ್ನ ಯಜಮಾನರು ಹೋದಮೇಲೆ ಕಟ್ಟಿದ ಹಾಡು, ಅದೂ ಅವರಿಗೆ ಗೊತ್ತಿಲ್ಲ. ಯಾರೋ ಗಂಡಸು ಹೆಸರು ಓದಿದರೆ ಪಟ್ಟಿ ಓದಿದ ಹಾಗಿರುತ್ತೆ. ಮನೆಯವಳೇ ಕರೆದಳು ಅಂತ ಅವರಿಗೆ ತಿಳೀಬೇಕು. ನಾಳೆ ಬಾ."

ಸಂಜೆ ಪಕ್ಕದ ಗುಡಿಸಲಿನ ನರಸಿಂಹಮ್ಮ ಎಲೆ ಅಡಿಕೆ ಹಾಕಿಕೊಳ್ಳುತ್ತ ಹೇಳಿದಳು: "ಹೋರಿ ನನ್ ಗಂಡನ ಮ್ಯಾಲೆ ಬಿದ್ದಾಗ ನಾನೂ ಹೆಸರಿಡ್ದು ಕೂಗ್ಬುಟ್ಟೆ ಕಣಮ್ಮ. ಹೋರಿ ಏನೂ ಮಾಡ್ಲಿಲ್ಲ. ವರ್ಷ ತುಂಬೋದ್ರೊಳ್ಗೆ ಹೊಂಟೋದ. ಹೆಸ್ರು ಹೇಳಿದ್ರೆ ಆಯಸ್ಸು ಸವೀತದೆ."

"ಹೇಳ್ದಿದ್ರೆ?"

"ಹೇಳ್ದಿದ್ರೆ ಎಲ್ಲೋ ಅವ್ನೆ ಅಂದ್ಕಂಡಾದ್ರೂ ಇರ್ತೀಯ."

ಗಂಡ ಬದುಕಿದ್ದರೆ ಈ ಮೂರು ವರ್ಷ ಅವನನ್ನು ಹೆಸರು ಹಿಡಿದು ಕರೆದವರು ಯಾರಿದ್ದಾರು ಎಂದು ಕದರಮ್ಮನಿಗೆ ಅನ್ನಿಸಿತು. ಆ ರಾತ್ರಿ ಹಿತ್ತಿಲ ಬಾಗಿಲಿಗೂ ಹೋಗಲಿಲ್ಲ.

ಮಾರನೆಯ ದಿನ ಬಂಗಲೆಯಲ್ಲಿ ಪ್ಲೇಟು ತಿರುಗತೊಡಗಿತು. ಅವಳು ಸೆರಗು ಹೊದ್ದು ನಿಂತು ಮೂರು ಸಾಲು ಹಾಡಿದಳು. ಹೆಸರಿನ ಜಾಗ ಬಂದಾಗ ರಾಗ ಎಳೆಯಲಿಲ್ಲ, ನಿಲ್ಲಿಸಿದಳು. ಬಾಗಿಲ ಬಳಿಯಿದ್ದ ನಂದೀಶ್ವರಯ್ಯನವರು ತಲೆ ತಗ್ಗಿಸಿದರು.

"ಬೊಮ್ಮಪ್ಪ," ಎಂದಳು.

ಅವಳ ಕಿವಿಗೇ ಅದು ಯಾರೋ ಹೊಸಬರ ಹೆಸರು ಹೇಳಿದ ಹಾಗಿತ್ತು. ಅವಳು ಇನ್ನೊಂದು ಸಲ, ಮೆಲ್ಲಗೆ, ಹೇಳಿದಳು.

"ಬೊಮ್ಮಪ್ಪ. ನಾನು ಕಣ್ರೀ. ಬೇಕಂತ್ಲೇ ಕರ್ದಿದೀನಿ. ಇದ್ರಿಂದ ನಿಮ್ಗೇನಾದ್ರೂ ಆದ್ರೆ ಅದು ನನ್ನ ತಲೆ ಮೇಲೇ..."

ಆ ಮಾತನ್ನೂ ಹಿಡಿದುಕೊಂಡು ತಿರುಗುತ್ತಿದ್ದ ಪ್ಲೇಟನ್ನು ನೋಡುತ್ತ ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಅಧಿಕಾರಿ ಮುಂದೆ ಹೇಳು ಎಂದು ಕೈಸನ್ನೆ ಮಾಡುತ್ತಿದ್ದಂತೆಯೇ ಹೊಸ್ತಿಲು ದಾಟಿ ಹೊರಟುಬಿಟ್ಟಳು.