ನೆಂಟರನ್ನು ಸೋಲಿಸದ ಊರು

ಜುಗ್ದಿದಿ ಊರಿನ ಲಾಮಾರಾ ಟೀಚರಿಗೆ ಈಗ ಮೊಣಕಾಲು ನೋವು, ಕಿವಿಯೂ ಮಂದ. ಚೆಸ್ ಮಾತೆತ್ತಿ ನೋಡಿ, ಮುಖ ಹೇಗೆ ಅರಳುತ್ತದೆ! ಆ ಕಾಲವೇ ಬೇರೆ ಬಿಡಿ. ಮಗಳ ಮದುವೆಗೆ ಹಾಸಿಗೆ, ಪಾತ್ರೆಗಳ ಜೊತೆ ಚೆಸ್ ಮಣೆಯನ್ನೂ ಕೊಟ್ಟು ಕಳಿಸುತ್ತಿದ್ದ ಜನ. ಟೀಚರ್ ಕಲಿಸುತ್ತಿದ್ದ ಕೋಣೆಯ ಒಲೆ ಬರೀ ಹೊಗೆಯಾಡುತ್ತಿತ್ತು. ಹುಡುಗಿಯರು ಕೋಟು ಬಿಚ್ಚದೆಯೇ ಕಾಯಿ ನಡೆಸುತ್ತಿದ್ದರು.

ಅವರಲ್ಲೊಬ್ಬಳು ನಾತೆಲಾ, ಹತ್ತು ವರ್ಷದ ಕಡ್ಡಿ ಹುಡುಗಿ. ಇವಳಿಗೆ ಕಲಿಸಲು ತಮ್ಮ ಬಳಿ ಇನ್ನೇನೂ ಉಳಿದಿಲ್ಲವೆಂದು ಟೀಚರಿಗೆ ಗೊತ್ತಿತ್ತು. ರಾಜಧಾನಿ ತ್ಬಿಲಿಸಿಯಲ್ಲಿ ಚೆಸ್ ಫೆಡರೇಶನ್ನಿನ ಶಾಲೆ ಸೇರಿದರೆ ಮಾತ್ರ ಹುಡುಗಿ ಮೇಲೆ ಬಂದಾಳು. ಅದಕ್ಕೆ ಮಕ್ಕಳನ್ನು ಆರಿಸಲು ಫೆಡರೇಶನ್ನಿನ ಬೊಂದೊ ಎಂಬುವರು ಊರಿಗೆ ಬಂದರು. ಟೀಚರ್ ಸುಮ್ಮನಿರುತ್ತಾರೆಯೇ? ಚೀಸ್ ತುಂಬಿದ ರೊಟ್ಟಿ, ಅಕ್ರೋಟು ಅರೆದು ಹಾಕಿದ ಕೋಳಿ, ವೈನು! ಉಂಡೆದ್ದ ಬೊಂದೊ ಎಲ್ಲ ಹುಡುಗಿಯರೊಂದಿಗೂ ಒಟ್ಟಿಗೇ ಆಡಿದರು.

ನಾತೆಲಾ ಅವರ ರಾಜನನ್ನು ಮೂಲೆಗೆ ಒತ್ತಿದ್ದಳು. ಇನ್ನೊಂದು ನಡೆ, ಆಟ ಮುಗಿದ ಹಾಗೆ. ಅಷ್ಟರಲ್ಲಿ ಕುದುರೆಯನ್ನು ಸುಮ್ಮನೆ ಹಿಂದಕ್ಕೆಳೆದಳು, ಸೋತಳು. "ಈ ಸಲ ಯಾರೂ ಸಿಗ್ಲಿಲ್ಲ" ಎಂದು ಬೊಂದೊ ಹೊರಟುಬಿಟ್ಟರು.

"ಅಯ್ಯೋ ಮಂಕೇ, ಏನಾಗಿತ್ತೇ ನಿಂಗೆ?" ಎಂದು ಟೀಚರ್ ರೇಗಿದರು.

"ನಮ್ಮೂರಿಗೆ ಬಂದೋರನ್ನ ಸೋಲಿಸ್ತಾರಾ ಟೀಚರ್? ಅಜ್ಜಿ ಬಯ್ಯಲ್ವಾ?"

ಟೀಚರ್ ತಲೆ ಚಚ್ಚಿಕೊಂಡರು. ಬೆಳಿಗ್ಗೆ "ಬಂದೋರಿಗೆ ಬೇಜಾರು ಮಾಡ್ಬೇಡಿ ಕಣ್ರೇ" ಎಂದು ಪಾಠ ಹೇಳಿದ್ದು ಅವರೇ ತಾನೇ!

ಅಜ್ಜಿಯನ್ನು ಹೇಗೋ ಒಪ್ಪಿಸಿ, ಹುಡುಗಿಯ ಜೊತೆ ತಾವೂ ತ್ಬಿಲಿಸಿಯ ರೈಲು ಹತ್ತಿದರು. ಬೊಂದೊ ಎದುರಿಗೆ ಕೂರಿಸಿ, "ಇದು ಅವ್ರ ಮನೆ, ನಾವು ನೆಂಟ್ರು. ದಾಕ್ಷಿಣ್ಯ ಏನಿದ್ರೂ ಅವ್ರಿಗಿರ್ಲಿ" ಎಂದರು. ಚಹಾ ಆರುವುದರೊಳಗೆ ನಾತೆಲಾ ಗೆದ್ದಳು.

ನಡೆದದ್ದು ಕೇಳಿ ಬೊಂದೊ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಮ ಕೋಳಿ ತಿಂದು ನಾನೇ ಬೇಸ್ತು ಬಿದ್ದೆ ಕಣ್ರೀ! ಇನ್ಮೇಲೆ ನಾವು ಊರೂರಿಗೆ ಹೋಗಿ ಉಣ್ಣೋದು ಬೇಡ, ಮಕ್ಕಳನ್ನೇ ಇಲ್ಲಿಗೆ ಕರೆಸ್ತೀವಿ. ಇವಳು ಇವತ್ತಿಂದಾನೇ ಇಲ್ಲಿರ್ಲಿ."

ಅದನ್ನೇ ಬೇಡಿಕೊಂಡು ಬಂದಿದ್ದ ಟೀಚರ್ ನಾತೆಲಾಳ ತಲೆ ಸವರಿ ರೈಲು ಹತ್ತಿದರು. ಆಮೇಲೆ ವರ್ಷವರ್ಷವೂ ಫೆಡರೇಶನ್ ಕರೆಯಿತು. ವರ್ಷವರ್ಷವೂ ಟೀಚರ್ ಒಬ್ಬೊಬ್ಬ ಹುಡುಗಿಯನ್ನು ಅಲ್ಲಿ ಬಿಟ್ಟು ಒಬ್ಬರೇ ವಾಪಸಾದರು.

"ಎಷ್ಟು ಖುಷಿ ಆಗ್ತಿತ್ತಲ್ವಾ ಟೀಚರ್?" ಎಂದು ಯಾರಾದರೂ ಕೇಳಿದರೆ ಈಗಲೂ ಸಿಡುಕುತ್ತಾರೆ.

"ಖುಷಿಯಂತೆ ಖುಷಿ! ರೈಲಲ್ಲಿ ಉದ್ದಕ್ಕೂ ಅಳ್ತಿದ್ದೆ. ಊರಲ್ಲಿ ಇಳಿದೋಳೇ ಮುಂದಿನ ಹುಡುಗೀನ ಹುಡುಕ್ತಿದ್ದೆ."