ಅಕ್ಕ ಮುರಿದ ನೆಟಿಗೆ

ಓದುಗರಿಗೆ ಮೊದಲಿಗೇ ಒಂದು ಮಾತು ಹೇಳಿಬಿಡುವುದು ನ್ಯಾಯ: ಇಂತಹ ಸಂಗತಿಗಳನ್ನು ನಂಬುವವಳು ನಾನಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ದೃಷ್ಟಿ, ಮಾಟ, ತಾಯತಗಳ ವಿರುದ್ಧ ವಾದಿಸಿ ಬಹುಮಾನ ಪಡೆದವಳು. ಇಂದಿಗೂ ನನ್ನ ಕೆಲಸ ಆ ವಾದದ ಮುಂದುವರಿಕೆಯೇ. ಕ್ಯಾನ್ಸರಿನ ಕೊನೆಯ ಹಂತದಲ್ಲಿ ನರಳುವವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಮಾರ್ಫಿನ್ ದೊರೆಯಬೇಕು, ನೋವೆಂಬುದು ಕರ್ಮಫಲವಲ್ಲ, ಚಿಕಿತ್ಸೆ ಬೇಡುವ ಸಂಕಟ ಎಂದು ಅಧಿಕಾರಿಗಳ ಮುಂದೆ ಮನವಿ ಮಾಡುತ್ತಾ ತಿರುಗುತ್ತೇನೆ. ಅಂಥವಳಿಗೆ ಕೆಲವು ವರ್ಷಗಳ ಹಿಂದೆ, ದೆಹಲಿಯ ಒಂದು ಚಳಿಗಾಲದ ದಿನ, ಹಾಡಹಗಲಿನಲ್ಲಿ ಆದ ಅನುಭವವಿದು.

ನನ್ನನ್ನೂ ನನ್ನ ಅಕ್ಕ ಮಾಲತಿಯನ್ನೂ ಸಾಕಿ ಬೆಳೆಸಿದವರು ನಮ್ಮ ಸೋದರತ್ತೆ ಪದ್ಮತ್ತೆ. ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಗುಮಾಸ್ತೆಯಾಗಿ ಸೇರಿ, ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು. ನನಗೆ ವಾದ ಮಾಡುವುದನ್ನು ಕಲಿಸಿದವರೂ ಅವರೇ. ಸಂಜೆ ಕಚೇರಿಯಿಂದ ಬಂದು ಒಗ್ಗರಣೆ ಹಾಕುತ್ತಾ ಎದುರು ಪಕ್ಷ ವಹಿಸುತ್ತಿದ್ದರು. ‘ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳೋಕೆ ಬಂದಮೇಲೆ ಅದನ್ನ ಖಂಡಿಸು, ಅಲ್ಲೀವರೆಗೆ ಬಾಯಿ ಮುಚ್ಚು’ ಎಂಬುದು ಅವರ ನಿಯಮ. ಕೊನೆಯ ವರ್ಷಗಳಲ್ಲಿ ಅವರು ವಸಂತ್ ಕುಂಜ್‌ನ ಅಕ್ಕನ ಫ್ಲ್ಯಾಟಿನಲ್ಲಿದ್ದರು. ಕ್ಯಾನ್ಸರ್ ಆಗ ಮೂಳೆಗೆ ಇಳಿದಿತ್ತು. ನಾನು ಇಂದಿರಾಪುರಂನಿಂದ ವಾರಕ್ಕೆರಡು ಸಲವಾದರೂ ಹೋಗಿಬರುತ್ತಿದ್ದೆ.

ಅಕ್ಕನ ಸಂಶೋಧನೆಯ ವಿಷಯವೂ ನೋವೇ. ಮಾರ್ಫಿನ್ ಜಾತಿಯ ಔಷಧಗಳು ನಮ್ಮ ಜೀವಕೋಶಗಳ ಮೈಮೇಲಿರುವ ರಿಸೆಪ್ಟರ್ ಎಂಬ ಸೂಕ್ಷ್ಮ ರಚನೆಯ ಮೇಲೆ ಕೂತು ಕೆಲಸ ಮಾಡುತ್ತವೆ. ಇದನ್ನು ಅಕ್ಕ ಅತ್ತೆಗೆ ವಿವರಿಸಿದ ರೀತಿಯನ್ನು ನಾನು ಈಗಲೂ ನನ್ನ ಭಾಷಣಗಳಲ್ಲಿ ಬಳಸುತ್ತೇನೆ. ನಾವು ಚಿಕ್ಕವರಿದ್ದಾಗ ಇದ್ದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಒಂದು ಕೆಟ್ಟ ಸ್ವಿಚ್ಚಿತ್ತು. ಒತ್ತಿದರೆ ದೀಪ ಹತ್ತುತ್ತಿತ್ತು, ಜೊತೆಗೆ ಫ್ಯಾನು ನಿಧಾನವಾಗುತ್ತಿತ್ತು. ಜೂನ್ ತಿಂಗಳಲ್ಲಿ ಓದಬೇಕೋ ಉಸಿರಾಡಬೇಕೋ ಎಂದು ನಾವು ಜಗಳವಾಡುತ್ತಿದ್ದೆವು. ‘ಅದೇ ಸ್ವಿಚ್ಚು ಅತ್ತೆ ಇದು. ಒತ್ತಿದರೆ ನೋವು ಹೋಗತ್ತೆ, ಜೊತೆಗೇ ಮಂಪರು ಬರತ್ತೆ, ಹೆಚ್ಚಾದರೆ ಉಸಿರೇ ನಿಧಾನವಾಗತ್ತೆ. ಫ್ಯಾನು ನಿಲ್ಲದ ಹಾಗೆ ದೀಪ ಹತ್ತಿಸೋ ಬೆರಳನ್ನ ನಾನು ಹುಡುಕ್ತಾ ಇದೀನಿ’ ಎಂದಿದ್ದಳು. ಅತ್ತೆ ತಲೆಯಾಡಿಸಿ, ‘ಅಚ್ಛಾ. ಬೇಗ ಹುಡುಕು. ನನಗೆ ದೀಪವೂ ಬೇಕು, ಫ್ಯಾನೂ ಬೇಕು’ ಎಂದಿದ್ದರು.

ಆ ಬೆರಳು ಸಿಕ್ಕಿರಲಿಲ್ಲ. ಅತ್ತೆಯ ಚರ್ಮಕ್ಕೆ ಮೂರು ದಿನಕ್ಕೊಮ್ಮೆ ಔಷಧದ ಪ್ಯಾಚ್ ಅಂಟಿಸುತ್ತಿದ್ದೆವು. ಅದು ನಿಧಾನವಾಗಿ ಮೈಗೆ ಇಳಿಯುತ್ತದೆ. ಹಳೆಯದರ ಶಕ್ತಿ ಮುಗಿಯುವ ದಿನ ನೋವು ಮೇಲೇಳುತ್ತಿತ್ತು. ಆಗ ಮಾತ್ರೆ ನುಂಗಿದರೆ ನಿದ್ದೆ ಎಳೆಯುತ್ತಿತ್ತು. ನಾನು ಹೇಳುತ್ತಿರುವುದು ಅಂಥದೇ ಒಂದು ದಿನದ ಕಥೆ. ಅಂದು ಚಾಣಕ್ಯಪುರಿಯ ಒಂದು ಅತಿಥಿಗೃಹದ ಸಭಾಂಗಣದಲ್ಲಿ, ನಮ್ಮ ರಾಜ್ಯದಿಂದ ಬಂದಿದ್ದ ಆರೋಗ್ಯ ಇಲಾಖೆಯ ಅಧಿಕಾರಿಗಳ ಮುಂದೆ ನಾನು ಮಾತನಾಡಬೇಕಿತ್ತು. ಪದ್ಮತ್ತೆಗೆ ಅದನ್ನು ಕೇಳಬೇಕಿತ್ತು. ತೂಕಡಿಸದೆ, ನರಳದೆ, ನೆಟ್ಟಗೆ ಕುಳಿತು ಕೇಳಬೇಕಿತ್ತು. ಅದು ತಾವು ಕೇಳುವ ನನ್ನ ಕೊನೆಯ ಭಾಷಣವೆಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಬೆಳಿಗ್ಗೆ ಅಕ್ಕ ಪ್ರಯೋಗಾಲಯಕ್ಕೆ ಹೊರಡುವ ಅವಸರದಲ್ಲಿ ಹೊಸ ಪ್ಯಾಚ್ ಹಾಕಿದಳು. ಆ ದಿನ ಅವಳ ತಟ್ಟೆಗಳಲ್ಲಿದ್ದ ಜೀವಕೋಶಗಳಿಗೆ ಹೊಸ ರಾಸಾಯನಿಕವೊಂದನ್ನು ಹಾಕುವುದಿತ್ತು, ಮನಸ್ಸೆಲ್ಲ ಅಲ್ಲಿ. ಚಳಿಗೆ ಒಣಗಿದ ಚರ್ಮದ ಮೇಲೆ ಹಿಂದಿನ ಪ್ಯಾಚ್ ಜಾರಿದ್ದರಿಂದ, ಈ ಸಲ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿದಳು. ಅತ್ತೆ ಮೇಲೆ ಸ್ವೆಟರು, ಶಾಲು ಹೊದ್ದು ಕುಳಿತರು. ಹೊರಡುವಾಗ ಅಕ್ಕನಿಗೆ ಏನನ್ನಿಸಿತೋ, ಅತ್ತೆಯ ಎರಡೂ ಕೆನ್ನೆ ಸವರಿ, ಕೈಗಳನ್ನು ತನ್ನ ಕಣತಲೆಗೆ ಒತ್ತಿ ನೆಟಿಗೆ ಮುರಿದಳು. ಅಷ್ಟೂ ಬೆರಳು ಲಟಲಟ ಎಂದವು.

‘ನಿಮ್ಮ ನೋವೆಲ್ಲ ನನಗಿರಲಿ. ನೀವು ಹೋಗಿ ಇವಳ ಭಾಷಣ ಕೇಳಿ. ಆ ನೋವಿಗೆ ಮಾತ್ರ ನಮ್ಮ ಲ್ಯಾಬಿನಲ್ಲೂ ಮದ್ದಿಲ್ಲ.’

‘ಅಯ್ಯೋ, ಚಿಕ್ಕವರು ದೊಡ್ಡವರಿಗೆ ದೃಷ್ಟಿ ತೆಗೆಯೋದುಂಟೇನೇ! ಎಲ್ಲಾ ಉಲ್ಟಾ ಆಗತ್ತೆ’ ಎಂದು ಅತ್ತೆ ಗದರಿದರು.

ರಿಸೆಪ್ಟರ್ ವಿಜ್ಞಾನಿ ನೆಟಿಗೆ ಮುರಿಯುವುದನ್ನು ನಿನ್ನ ವಿದ್ಯಾರ್ಥಿಗಳು ನೋಡಬೇಕಿತ್ತು ಎಂದು ನಾನು ಛೇಡಿಸಿದೆ. ‘ಹೋಲಿಸಿ ನೋಡೋಕೆ ಕಂಟ್ರೋಲ್ ಇಲ್ಲದ ಪ್ರಯೋಗ, ಲೆಕ್ಕಕ್ಕಿಲ್ಲ’ ಎಂದು ಅಕ್ಕ ಕಾರಿನ ಕೀಲಿ ಹುಡುಕುತ್ತಾ ಹೊರಟುಹೋದಳು.

ಅವಳು ಹೋದಮೇಲೆ ಅತ್ತೆ ನನ್ನನ್ನು ಹತ್ತಿರ ಕರೆದರು. ಅವರಿಗೆ ಸದಾ ಕಾಡುತ್ತಿದ್ದುದು ಸೊಂಟದ ನೋವು. ಆದರೆ ಅಂದು ಬೆಳಗಿನಿಂದ ಹೊಸದೊಂದು ಜಾಗದಲ್ಲಿ, ಬಲ ಹೆಗಲೆಲುಬಿನ ಕೆಳಗೆ ನೋವಿತ್ತಂತೆ. ‘ಯಾರೋ ದುಂಡು ಸೀಲನ್ನ ಅಲ್ಲಿ ಒತ್ತಿ ಹಿಡಿದ ಹಾಗಿತ್ತು ಕಣೇ, ಎತ್ತೋದೇ ಇಲ್ಲ. ಮಾಲತಿಗೆ ಹೇಳಿದ್ರೆ ನನ್ನನ್ನ ಹೊರಗೆ ಬಿಡ್ತಿರಲಿಲ್ಲ, ಅದಕ್ಕೇ ಹೇಳಲಿಲ್ಲ. ನೀನೂ ಹೇಳಬೇಡ.’ ನಾನು ಗಾಬರಿಯಿಂದ, ಹಾಗಾದರೆ ಹೋಗುವುದು ಬೇಡ ಎಂದೆ. ಅವರು ಹುಬ್ಬು ಗಂಟಿಕ್ಕಿ, ಒಳಗೆ ಯಾವುದನ್ನೋ ಹುಡುಕುವವರಂತೆ ಹೆಗಲನ್ನು ಮೆಲ್ಲಗೆ ಆಡಿಸಿ, ‘ಈಗಿಲ್ಲ. ಸೊಂಟದ್ದೂ ಇಲ್ಲ’ ಎಂದರು. ಹೊಸ ಪ್ಯಾಚ್ ಅಷ್ಟು ಬೇಗ ಕೆಲಸ ಮಾಡುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಸಂತೋಷದಲ್ಲಿ ಅದನ್ನು ವಿಚಾರಿಸುವ ಗೋಜಿಗೆ ಹೋಗಲಿಲ್ಲ.

ಆ ಮಧ್ಯಾಹ್ನ ಪದ್ಮತ್ತೆ ಇದ್ದ ರೀತಿ ನನ್ನ ಕಣ್ಣಿಗೆ ಕಟ್ಟಿದೆ. ರಾಯಭಾರ ಕಚೇರಿಗಳ ಸಾಲಿನುದ್ದಕ್ಕೂ ಟ್ಯಾಕ್ಸಿಯವನನ್ನು ‘ಭಯ್ಯಾ, ಈ ಗೇಟು ಯಾವ ದೇಶದ್ದು?’ ಎಂದು ಹಿಂದಿಯಲ್ಲಿ ಕೇಳುತ್ತಾ, ಅವನು ಹೇಳಿದ್ದನ್ನು ತಿದ್ದುತ್ತಾ ಬಂದರು. ಸಭೆಯಲ್ಲಿ ಮುಂದಿನ ಸಾಲಿನಲ್ಲಿ ನೆಟ್ಟಗೆ ಕುಳಿತರು. ಒಮ್ಮೆಯೂ ತೂಕಡಿಸಲಿಲ್ಲ. ನನ್ನ ಚೀಲದಲ್ಲಿದ್ದ ಮಾತ್ರೆ ಅಲ್ಲಿಯೇ ಉಳಿಯಿತು. ಅಧಿಕಾರಿಯೊಬ್ಬರು, ಇಂತಹ ಔಷಧ ಹಳ್ಳಿಗಳಿಗೆ ಹೋದರೆ ಜನ ಚಟಕ್ಕೆ ಬೀಳುವುದಿಲ್ಲವೇ ಎಂದು ಕೇಳಿದಾಗ, ನನಗಿಂತ ಮೊದಲು ಅತ್ತೆಯೇ ಎದ್ದರು. ‘ಸಾರ್, ನಿಮ್ಮ ಭಯ ಸುಳ್ಳಲ್ಲ. ಅದಕ್ಕೇ ಲೆಕ್ಕ ಇಡಿ, ತರಬೇತಿ ಕೊಡಿ, ಬೀಗ ಹಾಕಿ. ಆದರೆ ಬೀಗದ ಕೀಲಿಯನ್ನ ರಾಜಧಾನಿಯಲ್ಲಿ ಇಟ್ಕೋಬೇಡಿ.’ ಸಭೆ ನಕ್ಕಿತು. ಅಧಿಕಾರಿಯೂ ನಕ್ಕು, ಆ ಮಾತನ್ನು ಬರೆದುಕೊಂಡರು. ಅತ್ತೆ ನನ್ನತ್ತ ತಿರುಗಿ, ಅಡುಗೆಮನೆಯ ಆ ಹಳೆಯ ಎದುರಾಳಿಯ ಠೀವಿಯಿಂದ ಒಮ್ಮೆ ತಲೆಯಾಡಿಸಿದರು.

ಸಭೆ ಮುಗಿಯುವ ಹೊತ್ತಿಗೆ ನಮ್ಮನ್ನು ಕರೆದೊಯ್ಯಲು ಅಕ್ಕ ಬಂದಳು. ಅವಳ ಮುಖ ಬಿಳಿಚಿಕೊಂಡಿತ್ತು. ಒಂದು ಪಕ್ಕಕ್ಕೆ ವಾಲಿ ನಡೆಯುತ್ತಿದ್ದಳು. ಏನಾಯಿತೆಂದು ಕೇಳಿದೆ.

‘ಬೆಳಿಗ್ಗೆ ಲ್ಯಾಬ್ ಮುಟ್ಟುವಷ್ಟರಲ್ಲಿ ಶುರುವಾಯ್ತು. ಇಲ್ಲಿ ನೋಡು’ ಎಂದು ಎಡಗೈಯನ್ನು ಹಿಂದಕ್ಕೆ ತಿರುಚಿ, ಬಲ ಹೆಗಲೆಲುಬಿನ ಕೆಳಗೆ ಬೆರಳಿಟ್ಟಳು. ‘ಒಂದು ದುಂಡು ಜಾಗ. ಯಾರೋ ಒತ್ತಿ ಹಿಡಿದಿದಾರೆ, ಎತ್ತೋದೇ ಇಲ್ಲ.’

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ನನ್ನ ಮುಖ ನೋಡಿದರು. ನಾನು ಯಾರಿಗೂ ಹೇಳಿರಲಿಲ್ಲ.

ಮನೆಗೆ ಬಂದು ಸ್ವೆಟರು ಬಿಚ್ಚುವಾಗ ಇನ್ನೊಂದು ಸಂಗತಿ ಹೊರಬಿತ್ತು. ಟೇಪ್ ಒಂದು ಕಡೆ ಎದ್ದು, ಪ್ಯಾಚಿನ ಅಡಿಭಾಗ ಮಿರಿಮಿರಿ ಹೊಳೆಯುತ್ತಿತ್ತು. ಅಂಟಿಸುವ ಮೊದಲು ಸುಲಿಯಬೇಕಾದ ಪಾರದರ್ಶಕ ಹಾಳೆಯನ್ನು, ನೋವಿನ ರಿಸೆಪ್ಟರುಗಳ ಮೇಲೆ ಇಷ್ಟು ವರ್ಷ ದುಡಿದ ನನ್ನ ಅಕ್ಕ, ಸುಲಿದೇ ಇರಲಿಲ್ಲ. ಇಡೀ ದಿನ ಅತ್ತೆಯ ಮೈಗೆ ಹೊಸ ಔಷಧದ ಒಂದು ಕಣವೂ ಇಳಿದಿರಲಿಲ್ಲ. ಅಕ್ಕ ‘ರಾಮ ರಾಮಾ’ ಎಂದು ತಲೆ ಚಚ್ಚಿಕೊಂಡಳು. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ‘ನಿನ್ನ ಜೀವಕೋಶಗಳಿಗಾದ್ರೂ ಹಾಳೆ ಸುಲಿದು ಹಾಕಿದೀಯಾ?’

ಹೊಸ ಪ್ಯಾಚನ್ನು ಸರಿಯಾಗಿ ಅಂಟಿಸಿದ ಮೇಲೆ ನಾನು ಬೆಳಗಿನ ಮಾತನ್ನು ಅಕ್ಕನಿಗೆ ಹೇಳಿದೆ. ಎದುರು ಪಕ್ಷವನ್ನು ನ್ಯಾಯವಾಗಿ ಮಂಡಿಸುವುದು ಅತ್ತೆ ಕಲಿಸಿದ ನಿಯಮ. ಆದ್ದರಿಂದ ಅಕ್ಕನ ಉತ್ತರವನ್ನು ಪೂರ್ತಿಯಾಗಿ ಕೊಡುತ್ತೇನೆ. ಪ್ಯಾಚ್ ತೆಗೆದ ಮೇಲೂ ಹಳೆಯ ಔಷಧ ಚರ್ಮದಡಿ ಹಲವು ಗಂಟೆ ಉಳಿಯುತ್ತದೆ. ಔಷಧ ಬಿತ್ತೆಂಬ ನಂಬಿಕೆಯಿಂದಲೇ ಮೆದುಳು ತನ್ನದೇ ಮಾರ್ಫಿನ್ನಿನಂಥ ವಸ್ತುಗಳನ್ನು ಸುರಿಸುತ್ತದೆ; ಅವು ಕೂರುವುದೂ ಅದೇ ರಿಸೆಪ್ಟರಿನ ಮೇಲೆ. ಇನ್ನು ತನ್ನ ಬೆನ್ನು, ಚಳಿಯಲ್ಲಿ ಬಗ್ಗಿ ಕೆಲಸ ಮಾಡುವವರಿಗೆ ಸಹಜವಾದ ಸ್ನಾಯು ಸೆಳೆತ. ಎಲ್ಲವೂ ಸರಿ, ಒಂದೊಂದನ್ನೂ ಒಪ್ಪುತ್ತೇನೆ. ಆದರೆ ಹಿಂದೆ ಪ್ರತಿ ಸಲವೂ ಅಂತಹ ದಿನ ಏಳುತ್ತಿದ್ದ ನೋವು ಅಂದೇ ಏಕೆ ಏಳಲಿಲ್ಲ? ಅದೇ ಜಾಗ, ಅದೇ ದುಂಡು, ಎತ್ತದ ಅದೇ ಒತ್ತು ಅಕ್ಕನಿಗೆ ಎಲ್ಲಿಂದ ಬಂತು? ‘ಕಾಕತಾಳೀಯ’ ಎಂದಳು ಅಕ್ಕ, ನೋವಿಗೆ ಹಲ್ಲು ಕಚ್ಚುತ್ತಾ.

ಪದ್ಮತ್ತೆ ಮಾತ್ರ ವಾದಕ್ಕೆ ಇಳಿಯಲಿಲ್ಲ. ‘ಸಾಕು, ನಂದನ್ನ ನನಗೆ ಕೊಡು’ ಎಂದು ಎರಡೂ ಕೈ ಚಾಚಿ ಅಕ್ಕನ ಕೆನ್ನೆ ಸವರಲು ಹೋದರು. ಅಕ್ಕ ಛಕ್ಕನೆ ಅವರ ಮಣಿಕಟ್ಟುಗಳನ್ನು ಹಿಡಿದುಕೊಂಡಳು.

‘ಬೇಡ ಅತ್ತೆ. ಔಷಧ ಇಳಿಯೋವರೆಗೆ ಬೇಡ.’

‘ನಂಬಿಕೆ ಇಲ್ಲ ಅಂದಮೇಲೆ ಕೈ ಯಾಕೇ ಹಿಡೀತೀಯ?’

ಅಕ್ಕ ಕೈ ಬಿಡಲಿಲ್ಲ. ಅತ್ತೆಯೇ ಕೊನೆಗೆ, ‘ಚಲೋ, ಮೊಂಡಿ’ ಎಂದು ಸೋತರು. ಮರುದಿನ ಬೆಳಿಗ್ಗೆ, ಪ್ಯಾಚ್ ಹಿಡಿದ ಹೊತ್ತಿಗೆ, ಅಕ್ಕನ ಬೆನ್ನು ಹಗುರಾಗಿತ್ತು. ಅತ್ತೆಗೆ ಮಂಪರು ಬಂದಿತ್ತು, ನೋವಿರಲಿಲ್ಲ.

ಹೋಳಿಯ ಹೊತ್ತಿಗೆ ಪದ್ಮತ್ತೆ ಹೊರಟುಹೋದರು, ನರಳದೆ. ಅಕ್ಕ ಈಗಲೂ ಫ್ಯಾನು ನಿಲ್ಲಿಸದೆ ದೀಪ ಹತ್ತಿಸುವ ಬೆರಳನ್ನು ಹುಡುಕುತ್ತಿದ್ದಾಳೆ. ಪ್ರತಿ ಪ್ಯಾಚಿನ ಹಾಳೆ ಸುಲಿಯುವುದನ್ನು ಮನೆಯವರಿಗೆ ಕೈ ಹಿಡಿದು ತೋರಿಸಬೇಕೆಂದು ನಾನು ಎಲ್ಲ ತರಬೇತಿಗಳಲ್ಲಿಯೂ ಒತ್ತಾಯಿಸುತ್ತೇನೆ. ಆ ದಿನದ ಬಗ್ಗೆ ಎಷ್ಟು ಸಲ ಎರಡೂ ಪಕ್ಷ ವಹಿಸಿ ವಾದಿಸಿದ್ದೇನೋ, ತೀರ್ಪು ಮಾತ್ರ ಬಂದಿಲ್ಲ.

ನನಗೆ ಆಗಾಗ ಅರೆತಲೆನೋವು ಬರುತ್ತದೆ. ಅಂಥ ದಿನ ಅಕ್ಕ ಎದುರಿಗಿದ್ದರೆ, ನಗುತ್ತಾ ನನ್ನ ಕೆನ್ನೆಯತ್ತ ಎರಡೂ ಕೈ ಎತ್ತುತ್ತಾಳೆ. ಇಂತಹ ಸಂಗತಿಗಳನ್ನು ನಾನು ನಂಬುವುದಿಲ್ಲ. ಆದರೂ, ಅವಳ ಕೈಗಳು ನನ್ನ ಮುಖ ಮುಟ್ಟುವ ಮೊದಲೇ, ಅವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ.